ಪುಟ್ಟ ರೈಲಿಗೆ ಉರಿಯುವ ಸಿಗ್ನಲ್

ಮಾದರಿ ರೈಲಿಗೆ ಸಿಗ್ನಲ್ ಮಾಡಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ತಂತಿ ಬೆಸೆಯುವಾಗ ಎಲ್‌ಇಡಿಯನ್ನೇ ಸುಟ್ಟುಬಿಡುತ್ತಾರೆ. ಅದು ಬದುಕಿ ಉಳಿದರೆ ಕಣ್ಣು ಕುಕ್ಕುವಷ್ಟು ಜೋರಾಗಿ ಉರಿಸುತ್ತಾರೆ.

ಇಲ್ಲಿ ಹೇಳುತ್ತಿರುವುದು ನಮ್ಮ ರೈಲ್ವೆಯ ಮೂರು ದೀಪದ ಸಿಗ್ನಲ್, ಎಚ್‌ಒ ಅಳತೆಯಲ್ಲಿ. ಅಂದರೆ ನಿಜವಾದ ಗಾತ್ರದ 87ನೇ ಒಂದು ಪಾಲು. ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಕೆಂಪು. ರಸ್ತೆ ಸಿಗ್ನಲ್ ನೋಡಿ ರೂಢಿಯಾದವರು ಇದನ್ನು ತಿರುವುಮುರುವು ಮಾಡುತ್ತಾರೆ. ಕೆಂಪು ಕೆಳಗೇ ಇರಬೇಕು. ಚಾಲಕನ ಕಣ್ಣಿನ ಮಟ್ಟಕ್ಕೆ ಹತ್ತಿರದ ಜಾಗ ಅದು.

ಅಂಗಡಿಯಲ್ಲಿ ಸುಲಭವಾಗಿ ಸಿಗುವ 3 ಮಿ.ಮೀ. ಎಲ್‌ಇಡಿ ಬೇಡವೇ ಬೇಡ. ಈ ಅಳತೆಯಲ್ಲಿ ಅದು 26 ಸೆಂ.ಮೀ. ಅಗಲದ ದೀಪವಾಗುತ್ತದೆ. '0603' ಎಂಬ ಚಿಪ್ ಎಲ್‌ಇಡಿ ಕೇಳಿ. ಉದ್ದ ಬರೀ 1.6 ಮಿ.ಮೀ. ಬೆಂಗಳೂರಿನವರು ಎಸ್‌.ಪಿ. ರೋಡಿನಲ್ಲಿ ಹುಡುಕಬಹುದು. ಉದುರಿಹೋಗುವುದು ಖಂಡಿತ, ಹಾಗಾಗಿ ಜಾಸ್ತಿ ತನ್ನಿ.

ಕಂಬಕ್ಕೆ 2 ಮಿ.ಮೀ. ಹಿತ್ತಾಳೆ ಕೊಳವೆ, ತಲೆಗೆ ಮೂರು ತೂತು ಕೊರೆದ ಕಪ್ಪು ಪ್ಲಾಸ್ಟಿಕ್ ಪಟ್ಟಿ ಸಾಕು.

ಈಗ ಬೆಸುಗೆ. ಇಲ್ಲಿ ಅವಸರ ಬೇಡ. ಮರದ ತುಂಡಿನ ಮೇಲೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ, ಎಲ್‌ಇಡಿಯನ್ನು ಬೆನ್ನು ಮೇಲಾಗಿ ಕೂರಿಸಿ. ಕೂದಲಿನಂಥ ಎನಾಮಲ್ ತಂತಿಯ (ಕರೆಂಟ್ ಹಾಯದ ತೆಳು ಲೇಪವಿರುವ ತಾಮ್ರದ ತಂತಿ) ತುದಿಯನ್ನು 2 ಮಿ.ಮೀ.ನಷ್ಟು ಬ್ಲೇಡಿನಿಂದ ಹೆರೆಯಿರಿ. ತಾಮ್ರ ಹೊಳೆಯಬೇಕು. ಆ ತುದಿಗೆ ಮೊದಲೇ ತೆಳುವಾಗಿ ಬೆಸುಗೆಯ ಸೀಸ ಹಿಡಿಸಿ. ಎಲ್‌ಇಡಿಯ ಲೋಹದ ತುದಿಗೆ ಒಂದು ಚುಕ್ಕೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿ, ತಂತಿಯನ್ನು ಮೇಲಿಟ್ಟು, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್‌ನಿಂದ ಮುಟ್ಟಿ ಎತ್ತಿ. ಒಂದು ಸೆಕೆಂಡು, ಅಷ್ಟೇ. ಹಿಡಿಯಲಿಲ್ಲವೇ? ಅಲ್ಲೇ ಒತ್ತಿ ಹಿಡಿಯಬೇಡಿ. ಆರಲು ಬಿಟ್ಟು, ಫ್ಲಕ್ಸ್ ಹಚ್ಚಿ ಮತ್ತೆ ಮುಟ್ಟಿಸಿ. ಪ್ಲಂಬಿಂಗ್ ಕೆಲಸದ ಆ್ಯಸಿಡ್ ಫ್ಲಕ್ಸ್ ಮಾತ್ರ ಬಳಸಬೇಡಿ, ತೆಳು ತಂತಿಯನ್ನು ತಿಂದುಹಾಕುತ್ತದೆ. ಪ್ಲಸ್-ಮೈನಸ್ ತಿಳಿಯಲು ಬೆನ್ನಿನ ಗುರುತನ್ನಷ್ಟೇ ನಂಬದೆ ಮಲ್ಟಿಮೀಟರ್ ಇಟ್ಟು ನೋಡಿ.

ಮೂರರ ಪ್ಲಸ್ಸನ್ನೂ ಕಂಬಕ್ಕೆ ಬೆಸೆಯಿರಿ. ಮೈನಸ್ ತಂತಿಗಳನ್ನು ಕೊಳವೆಯೊಳಗೆ ಇಳಿಸಿ. ಅದಕ್ಕೂ ಮೊದಲು ಕೊಳವೆಯ ಬಾಯಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಇಲ್ಲದಿದ್ದರೆ ಎನಾಮಲ್ ಕಿತ್ತು ಶಾರ್ಟ್ ಆಗುತ್ತದೆ.

ಪ್ರತಿ ದೀಪಕ್ಕೂ ಕರೆಂಟ್ ತಗ್ಗಿಸುವ ಅದರದೇ ರೆಸಿಸ್ಟರ್ ಇರಲಿ. 12 ವೋಲ್ಟಿಗೆ ಕೆಂಪು, ಹಳದಿಗೆ 4.7 ಕಿಲೋಓಮ್, ಹಸಿರಿಗೆ 10 ಕಿಲೋಓಮ್. ಈಗಿನ ಹಸಿರು ಎಲ್‌ಇಡಿ ಕಮ್ಮಿ ಕರೆಂಟಿಗೇ ಜೋರಾಗಿ ಉರಿಯುತ್ತದೆ. 1 ಕಿಲೋಓಮ್ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ, ಕೇಳಬೇಡಿ. ಕೋಣೆಯ ಲೈಟ್ ಆರಿಸಿ, ಮೂರೂ ಒಂದೇ ಹದದಲ್ಲಿ ಕಾಣುವವರೆಗೆ ಬದಲಿಸಿ ನೋಡಿ.

ಕರೆಂಟನ್ನು ಹಳಿಯಿಂದ ಕದಿಯುವ ಸುಲಭದ ದಾರಿ ಬೇಡ. ಸಾದಾ ಡಿ.ಸಿ. ಕಂಟ್ರೋಲರ್ ಆದರೆ ರೈಲು ನಿಧಾನವಾದಾಗ ದೀಪ ಮಂಕಾಗುತ್ತದೆ, ಹಿಂದಕ್ಕೆ ಹೊರಟರೆ ಆರುತ್ತದೆ. ಬೇರೆ ಅಡಾಪ್ಟರ್, ಮೂರು ಸ್ಥಾನದ ರೋಟರಿ (ತಿರುಗಿಸುವ) ಸ್ವಿಚ್ ಹಾಕಿ.

ತಲೆಯ ಹಿಂಬದಿಗೆ ಹೊಳಪಿಲ್ಲದ ಕಪ್ಪು ಬಣ್ಣ ಎರಡು ಸಲ ಬಳಿಯಿರಿ, ಬೆಳಕು ಸೋರಬಾರದು. ಆಮೇಲೆ ಹಳಿಯ ಎಡಕ್ಕೆ ನಿಲ್ಲಿಸಿ. ಅಂಟು ಹಾಕುವ ಮುಂಚೆ ನಿಮ್ಮ ಅತಿ ಉದ್ದದ ಬೋಗಿಯನ್ನು ತಿರುವಿನಲ್ಲಿ ಒಮ್ಮೆ ತಳ್ಳಿ ನೋಡಿ, ಕಂಬಕ್ಕೆ ತಾಗಬಾರದು.