ಗಾಯ ಇದೆ ಅಂದರೆ ಸಾಲದು, ಆದದ್ದು ಹೇಗೆ ಅಂತಲೂ ತೋರಿಸಬೇಕು
ಅಮೆರಿಕದ ನಿವೃತ್ತ ಯೋಧರು ಸಿಆರ್‌ಎಸ್‌ಸಿ ಪರಿಹಾರಕ್ಕೆ ಅರ್ಜಿ ಹಾಕುವ ಬಗೆ

ಅಮೆರಿಕದ ಸೇನೆಯಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾದವರೊಬ್ಬರು ಇದ್ದಾರೆ ಅಂದುಕೊಳ್ಳಿ. ಪಿಂಚಣಿ ತಿಂಗಳಿಗೆ 2,400 ಡಾಲರ್. ಇರಾಕ್‌ನಲ್ಲಿ ರಸ್ತೆ ಬದಿಯ ಬಾಂಬ್ ಸಿಡಿದು ಬೆನ್ನು, ಕಿವಿ ಎರಡೂ ಹಾಳಾಗಿವೆ. ಅದಕ್ಕೆ ಮಾಜಿ ಯೋಧರ ಇಲಾಖೆ, ಅಂದರೆ ವಿಎ, ಶೇ 40ರ ರೇಟಿಂಗ್ (ಊನ ಎಷ್ಟು ಎನ್ನುವ ಅಳತೆ) ಕೊಟ್ಟು ತಿಂಗಳಿಗೆ 900 ಡಾಲರ್ ಮಂಜೂರು ಮಾಡಿದೆ ಅನ್ನೋಣ. ಒಟ್ಟು 3,300 ಕೈಗೆ ಬರಬೇಕಲ್ವಾ?

ಬರುವುದಿಲ್ಲ. ವಿಎ 900 ಕೊಟ್ಟರೆ ಪಿಂಚಣಿಯಲ್ಲಿ ಅಷ್ಟೇ ಕಡಿತ. ಕೈಗೆ ಸಿಗುವುದು ಮತ್ತೆ ಅದೇ 2,400. ವಿಎ ಹಣಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ಅಷ್ಟರ ಮಟ್ಟಿಗೆ ತೆರಿಗೆ ಉಳಿಯುತ್ತದೆ, ಬೇರೇನೂ ಇಲ್ಲ. ಸೇವೆಗೊಂದು, ಗಾಯಕ್ಕೊಂದು ಎಂದು ಸರ್ಕಾರದಿಂದ ಎರಡು ಹಣ ಪಡೆಯಬಾರದು ಎನ್ನುವ ಈ ನಿಯಮ 1891ರಷ್ಟು ಹಳೆಯದು.

ಯುದ್ಧದಲ್ಲೇ ಗಾಯಗೊಂಡವರಿಗಾದರೂ ಕಡಿತವಾದ ಹಣ ವಾಪಸ್ ಸಿಗಲಿ ಎಂದು 2002ರ ಕೊನೆಯಲ್ಲಿ ಕಾನೂನು ಆಯಿತು. 2003ರ ಜೂನ್‌ನಿಂದ ಜಾರಿಗೆ ಬಂತು. ಇದರ ಹೆಸರು ಯುದ್ಧ ಸಂಬಂಧಿ ವಿಶೇಷ ಪರಿಹಾರ, ಚಿಕ್ಕದಾಗಿ ಸಿಆರ್‌ಎಸ್‌ಸಿ. ಇದಕ್ಕೂ ತೆರಿಗೆ ಇಲ್ಲ. ಆದರೆ ಇದು ತಾನಾಗಿ ಬರುವ ಹಣ ಅಲ್ಲ. ಕೇಳಬೇಕು, ಕಾಗದ ತೋರಿಸಬೇಕು.

ಮೊದಲು ಅರ್ಹತೆ ನೋಡಿಕೊಳ್ಳಿ

ನಾಲ್ಕು ಪ್ರಶ್ನೆ ಸಾಕು. ಸೇನಾ ಪಿಂಚಣಿಗೆ ನೀವು ಹಕ್ಕುದಾರರೇ? ವಿಎ ರೇಟಿಂಗ್ ಕನಿಷ್ಠ ಶೇ 10 ಇದೆಯೇ? ವಿಎ ಹಣದಿಂದಾಗಿ ಪಿಂಚಣಿ ಕಡಿತವಾಗಿದೆಯೇ? ಆ ರೇಟಿಂಗ್‌ನಲ್ಲಿ ಯುದ್ಧಕ್ಕೆ ಸಂಬಂಧಪಟ್ಟದ್ದು ಏನಾದರೂ ಇದೆಯೇ? ನಾಲ್ಕಕ್ಕೂ ಹೌದು ಅಂದರೆ ಮುಂದುವರಿಯಿರಿ. ಇಪ್ಪತ್ತು ವರ್ಷ ತುಂಬುವ ಮೊದಲೇ ವೈದ್ಯಕೀಯ ಕಾರಣಕ್ಕೆ ನಿವೃತ್ತರಾದವರಿಗೂ 2008ರ ಜನವರಿಯಿಂದ ಬಾಗಿಲು ತೆರೆದಿದೆ. ವಿಎ ರೇಟಿಂಗೇ ಇಲ್ಲದಿದ್ದರೆ ಮೊದಲು ಅಲ್ಲಿಗೆ ಹೋಗಿ. ಅದಿಲ್ಲದೆ ಇಲ್ಲಿ ಅರ್ಜಿ ಹಾಕುವುದು ಸುಮ್ನೆ ದಂಡ.

ಎರಡನೆಯದು, ‘ಯುದ್ಧ ಸಂಬಂಧಿ’ ಅಂದರೆ ಏನು?

ಜಾಸ್ತಿ ಅರ್ಜಿಗಳು ಎಡವುವುದು ಇಲ್ಲೇ. ‘ವಿಎ ಒಪ್ಪಿದ ಮೇಲೆ ಇವರದ್ದೇನು ತಕರಾರು?’ ಎಂದು ಅನಿಸುವುದು ಸಹಜ. ಆದರೆ ಎರಡೂ ಕಡೆ ಕೇಳುವ ಪ್ರಶ್ನೆ ಬೇರೆ ಬೇರೆ. ಈ ತೊಂದರೆ ಸೇವೆಯಿಂದ ಬಂತೇ, ಈಗ ಎಷ್ಟಿದೆ ಎಂದು ವಿಎ ನೋಡುತ್ತದೆ. ಸಿಆರ್‌ಎಸ್‌ಸಿ ಕಚೇರಿ ಕೇಳುವುದು ಒಂದೇ: ಇದು ಆದದ್ದು ಹೇಗೆ?

ಯುದ್ಧಭೂಮಿಯಲ್ಲಿ ಇದ್ದೆ ಎಂದ ಮಾತ್ರಕ್ಕೆ ಹಣ ಸಿಗುವುದಿಲ್ಲ. ಅಫ್ಗಾನಿಸ್ತಾನದ ಶಿಬಿರದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವಾಗ ಮಂಡಿ ತಿರುಚಿದರೆ ಅದು ಯುದ್ಧದ ಗಾಯ ಅಲ್ಲ. ಅದೇ ಅಮೆರಿಕದ ಒಳಗೇ ಪ್ಯಾರಾಶೂಟ್ ತರಬೇತಿಯಲ್ಲಿ ಜಿಗಿದು ಅದೇ ಮಂಡಿ ಮುರಿದರೆ ಲೆಕ್ಕಕ್ಕೆ ಬರುತ್ತದೆ. ಜಾಗ ಮುಖ್ಯ ಅಲ್ಲ, ಕಾರಣ ಮುಖ್ಯ.

ಒಪ್ಪುವ ಕಾರಣಗಳು ಇವು. ನೇರ ಕಾಳಗ. ಅಪಾಯದ ಕೆಲಸ, ಅಂದರೆ ವಿಮಾನ ಹಾರಾಟ, ಪ್ಯಾರಾಶೂಟ್, ನೀರಿನಾಳದ ಡೈವಿಂಗ್, ಸ್ಫೋಟಕ ನಿರ್ವಹಣೆ. ಯುದ್ಧವನ್ನೇ ಹೋಲುವ ತಾಲೀಮು, ಉದಾಹರಣೆಗೆ ನಿಜವಾದ ಗುಂಡು ಹಾರಿಸುವ ಅಭ್ಯಾಸ, ಕೈ ಕೈ ಮಿಲಾಯಿಸುವ ಕಾಳಗದ ತರಬೇತಿ. ಬೆಳಗಿನ ಓಟ, ಕಸರತ್ತು, ಪಂದ್ಯಗಳು ಇದರಲ್ಲಿ ಸೇರುವುದಿಲ್ಲ. ಪರ್ಪಲ್ ಹಾರ್ಟ್ ಪದಕ ತಂದುಕೊಟ್ಟ ಗಾಯವೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಬೇರೆಯಾಗಿ ಗುರುತಿಸುತ್ತಾರೆ. ವಿಯೆಟ್ನಾಂ ಕಾಲದ ಏಜೆಂಟ್ ಆರೆಂಜ್ ವಿಷದಿಂದ ಬಂದದ್ದೆಂದು ವಿಎ ಒಪ್ಪಿದ ಕಾಯಿಲೆಗಳು, ವಿಕಿರಣದವು, ಕೊಲ್ಲಿ ಯುದ್ಧದ ಕಾಯಿಲೆಗಳು ಕೂಡ ಇದರಲ್ಲಿವೆ.

ಇನ್ನೊಂದು ಕಾರಣ ಯುದ್ಧ ಸಾಧನ: ಟ್ಯಾಂಕ್, ಕವಚ ವಾಹನ, ಶಸ್ತ್ರ, ಮದ್ದುಗುಂಡು. ಇದನ್ನು ವಿವರಿಸಲು ರಕ್ಷಣಾ ಇಲಾಖೆಯ ಮಾರ್ಗಸೂಚಿಯಲ್ಲಿ ಒಂದು ಸೊಗಸಾದ ಉದಾಹರಣೆ ಇದೆ. ಸೈನಿಕ ಆಟ ಆಡುತ್ತಾ ಬಿದ್ದು, ಕವಚ ವಾಹನಕ್ಕೆ ಬಡಿದುಕೊಂಡರೆ ಪರಿಹಾರ ಇಲ್ಲ. ಅದೇ ಆಟದ ನಡುವೆ ವಾಹನವೇ ಬಂದು ಅವನಿಗೆ ಗುದ್ದಿದರೆ ಇದೆ. ಓದಿದಾಗ ನಗು ಬರಬಹುದು. ಆದರೆ ಅರ್ಜಿ ನೋಡುವವರು ಯೋಚಿಸುವ ರೀತಿ ಸರಿಯಾಗಿ ಹೀಗೆಯೇ.

ಒಂದು ಕಾಯಿಲೆಯ ಬೆನ್ನಿಗೆ ಬಂದ ಇನ್ನೊಂದು ಕಾಯಿಲೆಯನ್ನು ಮರೆಯಬೇಡಿ. ಏಜೆಂಟ್ ಆರೆಂಜ್‌ನಿಂದ ಸಕ್ಕರೆ ಕಾಯಿಲೆ, ಸಕ್ಕರೆ ಕಾಯಿಲೆಯಿಂದ ಕಾಲಿನ ನರ ದೌರ್ಬಲ್ಯ ಬಂದಿದೆ ಎಂದು ವಿಎ ಬರೆದಿದ್ದರೆ ಎರಡನ್ನೂ ಕೇಳಬಹುದು. ಎಷ್ಟೋ ಜನ ಮೊದಲನೆಯದನ್ನು ಮಾತ್ರ ಬರೆದು ಸುಮ್ಮನಾಗುತ್ತಾರೆ.

ಮೂರನೆಯದು ಕಾಗದ

ನಿವೃತ್ತಿ ಆದೇಶ. ಸೇವೆಯ ಸಾರಾಂಶ ಇರುವ ಡಿಡಿ 214. ವಿಎ ತೀರ್ಪಿನ ಪತ್ರ, ಅದರ ಜೊತೆಗಿನ ಕೋಡ್ ಶೀಟ್, ಅಂದರೆ ಪ್ರತಿ ತೊಂದರೆಯ ಕೋಡ್ ಮತ್ತು ಶೇಕಡಾವಾರು ಇರುವ ಪಟ್ಟಿ. ಇಷ್ಟು ಎಲ್ಲರ ಬಳಿಯೂ ಇರುತ್ತದೆ. ಗೆಲ್ಲಿಸುವ ಕಾಗದ ಬೇರೆಯದು. ಗಾಯ ಆದ ದಿನಗಳಲ್ಲೇ ಬರೆದ ಆಸ್ಪತ್ರೆ ಚೀಟಿ, ಘಟನೆಯ ವರದಿ, ಪದಕದ ಜೊತೆ ಬಂದ ಪ್ರಶಸ್ತಿ ಪತ್ರ, ವೈದ್ಯಕೀಯ ಮಂಡಳಿಯ ವರದಿ. ‘ಬೆನ್ನು ನೋವು, ಮಾತ್ರೆ ಕೊಡಲಾಗಿದೆ’ ಎನ್ನುವ ಚೀಟಿಗಿಂತ ‘ವಾಹನದ ಕೆಳಗೆ ಬಾಂಬ್ ಸಿಡಿದ ನಂತರ ಬೆನ್ನು ನೋವು’ ಎನ್ನುವ ಒಂದು ಸಾಲಿಗೆ ಬೆಲೆ ಜಾಸ್ತಿ. ಆ ಸಾಲನ್ನು ಹುಡುಕಿ. ಸಿಕ್ಕಿದರೆ ಪೆನ್ನಿನಿಂದ ಗುರುತು ಹಾಕಿ ಮೇಲೆ ಇಡಿ. ಇನ್ನೂರು ಪುಟದ ಕಟ್ಟು ಕಳಿಸಿ ‘ಇದರಲ್ಲಿ ಎಲ್ಲೋ ಇದೆ’ ಅಂದರೆ ಹುಡುಕುವ ತಾಳ್ಮೆ ಯಾರಿಗಿರುತ್ತದೆ?

ಜೊತೆಗಿದ್ದ ಸೈನಿಕರ ಹೇಳಿಕೆ ಪತ್ರ ಸೇರಿಸಿದರೆ ಒಳ್ಳೆಯದೇ. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಕಾಗದ ಕಳೆದಿದ್ದರೆ ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಎಸ್‌ಎಫ್ 180 ನಮೂನೆಯಲ್ಲಿ ಬರೆಯಿರಿ. 1973ರ ಜುಲೈನಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಕಡತ ಸುಟ್ಟುಹೋದವು. 1960ಕ್ಕಿಂತ ಮೊದಲು ಭೂಸೇನೆ ಬಿಟ್ಟವರ ಕಡತಗಳೇ ಅದರಲ್ಲಿ ಹೆಚ್ಚು. ಅಂಥ ಹಿರಿಯರ ಮನೆಯವರು ಹಳೆಯ ಟ್ರಂಕು, ಪತ್ರಗಳ ಕಟ್ಟು ಎಲ್ಲವನ್ನೂ ಒಮ್ಮೆ ತಡಕಾಡಬೇಕು.

ಅರ್ಜಿ ತುಂಬುವುದು

ನಮೂನೆಯ ಹೆಸರು ಡಿಡಿ 2860. ಪ್ರತಿಯೊಂದು ತೊಂದರೆಗೂ ಬೇರೆ ಬೇರೆಯಾಗಿ ವಿವರ ಬರೆಯಬೇಕು: ವಿಎ ಕೋಡ್, ಶೇಕಡಾವಾರು, ಆಗ ಇದ್ದ ಘಟಕ, ಜಾಗ, ನಡೆದದ್ದು ಏನು. ಕಥೆ ಬೇಡ. ‘ಇಂಥ ದಿನ, ಇಂಥ ಕಡೆ, ಗಸ್ತಿನಲ್ಲಿದ್ದಾಗ ವಾಹನಕ್ಕೆ ಬಾಂಬ್ ತಗುಲಿತು. ತಲೆಗೆ ಪೆಟ್ಟಾಯಿತು. ಅದೇ ದಿನದ ಚಿಕಿತ್ಸೆಯ ಚೀಟಿ ಲಗತ್ತಿಸಿದೆ.’ ಇಷ್ಟು ಸಾಕು. ಸಹಿ ಮರೆಯಬೇಡಿ. ಮೂಲ ಪ್ರತಿಗಳನ್ನು ಯಾವ ಕಾರಣಕ್ಕೂ ಕಳಿಸಬೇಡಿ, ನಕಲು ಸಾಕು.

ಅರ್ಜಿ ವಿಎಗೆ ಹೋಗುವುದಲ್ಲ, ನೀವು ನಿವೃತ್ತರಾದ ಸೇನಾ ವಿಭಾಗಕ್ಕೆ. ಭೂಸೇನೆಯವರದ್ದು ಕೆಂಟಕಿಯ ಫೋರ್ಟ್ ನಾಕ್ಸ್‌ಗೆ, ನೌಕಾಪಡೆ ಮತ್ತು ಮರೀನ್‌ಗಳದ್ದು ವಾಷಿಂಗ್ಟನ್ ನೇವಿ ಯಾರ್ಡ್‌ಗೆ, ವಾಯುಪಡೆಯವರದ್ದು ಟೆಕ್ಸಾಸ್‌ನ ರ‍್ಯಾಂಡಾಲ್ಫ್‌ಗೆ. ಕೋಸ್ಟ್ ಗಾರ್ಡ್‌ನವರದ್ದು ಬೇರೆಯೇ ಕಚೇರಿ. ಇದಕ್ಕೆಲ್ಲ ಶುಲ್ಕ ಇಲ್ಲ. ಡಿಎವಿ, ವಿಎಫ್‌ಡಬ್ಲ್ಯು, ಅಮೆರಿಕನ್ ಲೀಜನ್‌ನಂಥ ಮಾಜಿ ಯೋಧರ ಸಂಘಗಳು ಪುಕ್ಕಟೆ ಸಹಾಯ ಮಾಡುತ್ತವೆ. ಪಾಲು ಕೇಳುವ ಮಧ್ಯವರ್ತಿಗಳಿಂದ ದೂರ ಇರಿ.

ಎಷ್ಟು ಬರುತ್ತದೆ?

ಒಪ್ಪಿಗೆ ಸಿಕ್ಕ ತೊಂದರೆಗಳನ್ನಷ್ಟೇ ಕೂಡುತ್ತಾರೆ. ಕೂಡುವ ರೀತಿ ವಿಎದ್ದೇ, ಸ್ವಲ್ಪ ವಿಚಿತ್ರ. 50 ಮತ್ತು 30 ಸೇರಿದರೆ 80 ಅಲ್ಲ. ಮೊದಲು 50 ತೆಗೆದು, ಉಳಿದ 50ರಲ್ಲಿ ಶೇ 30 ಅಂದರೆ 15 ಸೇರಿಸಿ 65, ಅದನ್ನು 70ಕ್ಕೆ ಏರಿಸುತ್ತಾರೆ. ಇದರಲ್ಲಿ 50ರದ್ದು ಮಾತ್ರ ಯುದ್ಧದ್ದು ಎಂದು ತೀರ್ಮಾನವಾದರೆ ಶೇ 50ರ ದರದಲ್ಲೇ ಹಣ. ಪಿಂಚಣಿಯಲ್ಲಿ ಕಡಿತವಾದದ್ದಕ್ಕಿಂತ ಜಾಸ್ತಿ ಎಂದೂ ಬರುವುದಿಲ್ಲ.

ಅವಧಿಗೆ ಮುಂಚೆ ವೈದ್ಯಕೀಯವಾಗಿ ನಿವೃತ್ತರಾದವರಿಗೆ ಇನ್ನೊಂದು ಕತ್ತರಿ ಇದೆ. ಮೂಲ ವೇತನ 4,000 ಡಾಲರ್, ಸೇವೆ 8 ವರ್ಷ ಅಂದುಕೊಳ್ಳಿ. ಬರೀ ಸೇವೆಯ ಲೆಕ್ಕದ ಪಿಂಚಣಿ ವರ್ಷಕ್ಕೆ ಶೇ 2.5ರಂತೆ ಶೇ 20, ಅಂದರೆ 800 ಡಾಲರ್. ಕಡಿತದ ನಂತರ ಉಳಿದ ಪಿಂಚಣಿ ಮತ್ತು ಸಿಆರ್‌ಎಸ್‌ಸಿ ಎರಡೂ ಸೇರಿ ಆ 800 ದಾಟುವಂತಿಲ್ಲ. ಚಿಕ್ಕ ವಯಸ್ಸಿನಲ್ಲೇ ಕೈಕಾಲು ಕಳೆದುಕೊಂಡವರಿಗೆ ಕಡಿಮೆ ಸಿಗುವುದು ನನಗಂತೂ ನ್ಯಾಯ ಅನಿಸುವುದಿಲ್ಲ. ಇದನ್ನು ತೆಗೆಯಲು ಮೇಜರ್ ರಿಚರ್ಡ್ ಸ್ಟಾರ್ ಹೆಸರಿನ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಹಲವು ಬಾರಿ ಮಂಡನೆಯಾಗಿದೆ.

ಇಪ್ಪತ್ತು ವರ್ಷ ಪೂರೈಸಿ ಶೇ 50 ಅಥವಾ ಅದಕ್ಕಿಂತ ಹೆಚ್ಚಿನ ರೇಟಿಂಗ್ ಇರುವವರಿಗೆ ಸಿಆರ್‌ಡಿಪಿ ಎಂಬ ಇನ್ನೊಂದು ಯೋಜನೆ ತಾನಾಗಿ ಸಿಗುತ್ತದೆ. ಯುದ್ಧದ್ದೇ ಗಾಯ ಆಗಬೇಕೆಂದಿಲ್ಲ, ಆದರೆ ತೆರಿಗೆ ಕಟ್ಟಬೇಕು. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಪ್ರತಿ ವರ್ಷ ಜನವರಿಯಲ್ಲಿ ಬದಲಾಯಿಸಿಕೊಳ್ಳಲು ಅವಕಾಶ ಇದೆ. ಪತ್ರ ಬಂದಾಗ ತೆರಿಗೆ ಕಳೆದು ಉಳಿಯುವ ಮೊತ್ತವನ್ನು ಹೋಲಿಸಿ ನೋಡಿ.

ಇಲ್ಲ ಅಂದರೆ?

ತಿರಸ್ಕಾರದ ಪತ್ರದಲ್ಲಿ ಕಾರಣ ಇರುತ್ತದೆ. ಹೆಚ್ಚಾಗಿ ಘಟನೆಗೂ ಗಾಯಕ್ಕೂ ಕೊಂಡಿ ಕಾಣಲಿಲ್ಲ ಎಂದೇ ಇರುತ್ತದೆ. ಆ ಕೊಂಡಿಯ ಹೊಸ ಕಾಗದ ಹುಡುಕಿ ಮರುಪರಿಶೀಲನೆ ಕೇಳಿ. ಅದೇ ಹಳೆಯ ಕಟ್ಟು ಮತ್ತೆ ಕಳಿಸಿದರೆ ಅದೇ ಉತ್ತರ. ಅಲ್ಲೂ ಆಗದಿದ್ದರೆ ಡಿಡಿ 149 ನಮೂನೆಯಲ್ಲಿ ಸೇನಾ ದಾಖಲೆ ತಿದ್ದುಪಡಿ ಮಂಡಳಿಗೆ ಹೋಗಬಹುದು. ಮುಂದೆ ವಿಎ ಹೊಸ ತೊಂದರೆಯೊಂದನ್ನು ಒಪ್ಪಿದರೆ ಅದಕ್ಕೆ ಇಲ್ಲಿ ಮತ್ತೆ ಬೇರೆ ಅರ್ಜಿ ಹಾಕಬೇಕು.

ತಡವಾಗಿ ಅರ್ಜಿ ಹಾಕಿದವರಿಗೆ ಹಿಂದಿನ ಬಾಕಿಯೂ ಬರುತ್ತದೆ. ಮೊದಲು ಆರು ವರ್ಷದ್ದು ಮಾತ್ರ ಕೊಡುತ್ತಿದ್ದರು. ಇರಾಕ್‌ನಲ್ಲಿ ಹತರಾದ ಸೈನಿಕರ ಅವಶೇಷ ಹುಡುಕಿ ತರುವ ಕೆಲಸ ಮಾಡಿ ಮನಸ್ಸು ಜರ್ಜರಿತವಾಗಿದ್ದ ಮರೀನ್ ಪಡೆಯ ಸೈಮನ್ ಸೋಟೊ ಇದನ್ನು ಪ್ರಶ್ನಿಸಿದರು. ಅವರು ನಿವೃತ್ತರಾದದ್ದು 2006ರಲ್ಲಿ, ಅರ್ಜಿ ಹಾಕಿದ್ದು 2016ರಲ್ಲಿ. 2025ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟು, ಆ ಆರು ವರ್ಷದ ಮಿತಿ ಸಿಆರ್‌ಎಸ್‌ಸಿಗೆ ಅನ್ವಯಿಸದು ಎಂದಿತು. ಹಾಗಾಗಿ ಹಿಂದೆಯೇ ಮಂಜೂರಾತಿ ಪಡೆದವರೂ ಹಳೆಯ ಪತ್ರ ತೆಗೆದು, ಹಣ ಯಾವ ತಿಂಗಳಿನಿಂದ ಲೆಕ್ಕ ಹಾಕಿದ್ದಾರೆ ಎಂದು ನೋಡಲಿ. ಅರ್ಹತೆ ಶುರುವಾದ ತಿಂಗಳಿಗೂ ಅದಕ್ಕೂ ತಾಳೆ ಆಗದಿದ್ದರೆ, ಆ ಪತ್ರದ ನಕಲು ಇಟ್ಟು ಪಿಂಚಣಿ ಕಚೇರಿಗೆ ಬರೆದು ಕೇಳಲಿ.