ಲೈನ್ ಮನೆಯ ಸಾಲದಿಂದ ಕಾಲು ಬಿಡಿಸಿಕೊಳ್ಳುವುದು ಹೇಗೆ

ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ ಇದ್ದು ಮಾಲೀಕರ ಸಾಲಕ್ಕೆ ದುಡಿಯುತ್ತಿದ್ದರೆ ಮೊದಲು ಸಾಲದ ಪುಸ್ತಕ ಕೇಳಿ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಇರುತ್ತದಲ್ಲ, ಅದೇ. ಮದುವೆಗೆ ತಗೊಂಡ ದುಡ್ಡು, ಆಸ್ಪತ್ರೆ ಖರ್ಚು, ಸಂತೆಯ ಅಕ್ಕಿ, ಎಲ್ಲಾ ನಿಮ್ಮ ಹೆಸರಿನ ಮುಂದೆ ಇರುತ್ತದೆ. ಕಾಫಿ ಕುಯ್ದ ಕೂಲಿಯಿಂದ ಎಷ್ಟು ತೀರಿತು ಅನ್ನುವ ಸಾಲು ಇದೆಯಾ ನೋಡಿ. ಪುಸ್ತಕ ತೋರಿಸಲಿಲ್ಲವಾ? ಸುಮ್ನೆ ಜಗಳ ಬೇಡ. ಮನೆಯ ಕ್ಯಾಲೆಂಡರಿನಲ್ಲಿ ದುಡಿದ ದಿನಕ್ಕೆಲ್ಲ ಗುರುತು ಹಾಕಿ, ಪಕ್ಕದಲ್ಲಿ ಕೈಗೆ ಬಂದ ದುಡ್ಡು ಬರೆಯಿರಿ. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ.

ಮುಂಗಡ ತಗೊಂಡವರೆಲ್ಲ ಜೀತದವರಲ್ಲ. ಆದರೆ ಆ ಸಾಲದ ನೆಪದಲ್ಲಿ ಕೂಲಿಯೇ ಇಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಕೊಟ್ಟು ದುಡಿಸಿದರೆ, ಬೇರೆ ಕೆಲಸಕ್ಕೆ ಹೋಗಲು ಬಿಡದಿದ್ದರೆ, ಓಡಾಡಲು ಅಡ್ಡ ಬಂದರೆ ಅದು ಜೀತ. ಇವುಗಳಲ್ಲಿ ಒಂದು ಇದ್ದರೂ ಸಾಕು.

ತಿತಿಮತಿ ಕಡೆಯವರಿಗೆ ಇದನ್ನು ಹೇಳುವಾಗ ನಾನು ಮತ್ತಿಗೋಡು ಕ್ಯಾಂಪಿನ ಆನೆಗಳ ಮಾತು ತೆಗೆಯುತ್ತೇನೆ. ಮೇಯಲು ಕಾಡಿಗೆ ಬಿಟ್ಟಾಗಲೂ ಕಾಲಲ್ಲಿ ಉದ್ದನೆಯ ಸರಪಳಿ ಇರುತ್ತದೆ. ಅದು ನೆಲದಲ್ಲಿ ಎಳೆದ ಗುರುತು ಹಿಡಿದು ಆನೆ ನೋಡಿಕೊಳ್ಳುವ ಕಾವಾಡಿ ಬೆಳಿಗ್ಗೆ ಆನೆಯನ್ನು ಹುಡುಕಿ ತರುತ್ತಾನೆ. ನಮ್ಮ ಬುಡಕಟ್ಟಿನ ಎರವರ, ಜೇನು ಕುರುಬರ ಸಾಲವೂ ಹಾಗೆಯೇ ಹಿಂದೆ ಬರುತ್ತದೆ. ತೋಟ ಬದಲಿಸಿದರೆ ಹೊಸ ಮಾಲೀಕ ಹಳೆಯವರಿಗೆ ಬಾಕಿ ಕಟ್ಟಿ, ಅಷ್ಟನ್ನೂ ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತಾನೆ. ಬಿಡುಗಡೆ ಆಯಿತು ಅಂದುಕೊಳ್ಳುತ್ತೀರಿ, ಆಗಿರುವುದಿಲ್ಲ.

ಆದ್ದರಿಂದ ಇನ್ನೊಂದು ತೋಟ ಹುಡುಕುವ ಮೊದಲು ಜೀತದಿಂದ ಬಿಡಿಸಿ ಅಂತ ಅರ್ಜಿ ಕೊಡಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜೀತದ ಸಾಲ ಪೂರ್ತಿ ರದ್ದು. ರದ್ದಾದ ಸಾಲಕ್ಕೆ ದುಡ್ಡು ವಸೂಲು ಮಾಡಿದವರಿಗೂ ಶಿಕ್ಷೆ ಇದೆ. ಜೀತ ಮಾಡಿಸಿದರೆ 3 ವರ್ಷದವರೆಗೆ ಜೈಲು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವರು ಸಾಲ ಕೊಟ್ಟವರೇ, ನೀವಲ್ಲ. ಇದನ್ನು ಗಟ್ಟಿಯಾಗಿ ನೆನಪಿಡಿ. ವಿಚಾರಣೆಗೆ ಬಂದವರ ಮುಂದೆ ನಮ್ಮವರು ಹೆದರಿ ಬಾಯಿ ಬಿಡದೆ ನಿಲ್ಲುವುದೇ ಜಾಸ್ತಿ.

ಅರ್ಜಿಯನ್ನು ಮಡಿಕೇರಿಯಲ್ಲಿ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಹೇಳಿಕೆಯನ್ನು ಮಾಲೀಕರ ಎದುರು, ಮೇಸ್ತ್ರಿ ಎದುರು ಕೊಡಬೇಡಿ, ಬೇರೆ ಕಡೆ ಕೂರಿಸಿ ಅನ್ನಿ. ಒಬ್ಬರೇ ಹೋಗಲು ಧೈರ್ಯ ಬರದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಮನೆ ಖಾಲಿ ಮಾಡಿ ಅಂತ ಬೆದರಿಸಿದರೆ ಅದನ್ನೂ ಅರ್ಜಿಯಲ್ಲೇ ಬರೆಸಿ. ಲೈನ್ ಮನೆ ಹೋಗುತ್ತದೆ ಅನ್ನುವ ಭಯಕ್ಕೇ ಎಷ್ಟೋ ಜನ ಅಲ್ಲೇ ಉಳಿದುಬಿಡುತ್ತಾರೆ. ಕಾಯ್ದೆಯ 8ನೇ ಕಲಂ ಇದೇ ವಿಷಯದ್ದು, ವಕೀಲರಿಗೆ ನೆನಪಿಸಿ.

ಜೀತ ಅಂತ ತೀರ್ಮಾನವಾದರೆ ಬಿಡುಗಡೆ ಪತ್ರ ಕೈಗೆ ಬರಬೇಕು. ಅದರ ಮೇಲೆಯೇ 30,000 ರೂಪಾಯಿವರೆಗೆ ತಕ್ಷಣದ ಸಹಾಯ ಸಿಗುತ್ತದೆ. ದುಡ್ಡು ಬ್ಯಾಂಕಿಗೆ ಬರುವುದರಿಂದ ಖಾತೆ ನಿಮ್ಮ ಹೆಸರಲ್ಲೇ ಇರಲಿ. ಪಾಸ್‌ಬುಕ್ಕು, ಎಟಿಎಂ ಕಾರ್ಡು ಮೇಸ್ತ್ರಿ ಹತ್ತಿರ ಇದ್ದರೆ ಅರ್ಜಿ ಕೊಡುವ ಮೊದಲೇ ವಾಪಸ್ ತಗೊಳ್ಳಿ.