ಮೂರನೇ ಸಲ ನಿಂತ ಕಟ್ಟ

2019ರ ಮೇ ತಿಂಗಳು ನೆನಪಿದೆಯಾ? ಬಜೆಯಲ್ಲಿ ಸ್ವರ್ಣಾ ನದಿ ಬತ್ತಿ ಉಡುಪಿ ಪೇಟೆಗೆ ನೀರಿರಲಿಲ್ಲ. ಧರ್ಮಸ್ಥಳಕ್ಕೆ ಬರುವುದನ್ನು ಮುಂದೂಡಿ ಎಂದು ಹೆಗ್ಗಡೆಯವರೇ ಭಕ್ತರನ್ನು ಕೇಳಿಕೊಂಡಿದ್ದರು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು! ಹಿರಿಯಡಕ ಹತ್ತಿರದ ನಮ್ಮ ಅಡಿಕೆ ತೋಟದ ಬಾವಿಯಲ್ಲಿ ಪಂಪು ಇಪ್ಪತ್ತು ನಿಮಿಷ ಓಡಿದರೆ ಗಾಳಿ ಎಳೆಯುತ್ತಿತ್ತು.

"ಬೋರು ತೆಗೆಸಿ ಮಾರಾಯ್ರೆ" ಅಂದರು ಎಲ್ಲರೂ. ಪಂಪು ಸೇರಿ ಒಂದೂವರೆ ಲಕ್ಷ. ನಾನು ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ನೀರು ತಡೆಯುವ ಅಡ್ಡ ಒಡ್ಡು, ಹಾಕುತ್ತೇನೆ ಅಂದೆ. ನಕ್ಕರು.

ಮೊದಲ ವರ್ಷ ಅವರು ನಕ್ಕಿದ್ದು ಸರಿಯೇ. ಸಿಮೆಂಟಿನ ಖಾಲಿ ಚೀಲಕ್ಕೆ ಹೊಯ್ಗೆ (ಮರಳು) ತುಂಬಿಸಿ ಪೇರಿಸಿದೆ, ಸುಮಾರು 400 ಚೀಲ. ಫೆಬ್ರವರಿಯ ಬಿಸಿಲಿಗೆ ಚೀಲಗಳು ಹಪ್ಪಳದ ಹಾಗೆ ಪುಡಿಯಾದವು. ಪ್ಲಾಸ್ಟಿಕ್ ಎಳೆ ಹೆಕ್ಕಿ ಮುಗಿಸಲು ನನಗೆ ಎರಡು ದಿನ ಬೇಕಾಯಿತು. ಎರಡನೇ ವರ್ಷ ಜೆಸಿಬಿ ತರಿಸಿ ಗುಡ್ಡದ ಮಣ್ಣು ಹಾಕಿಸಿದೆ. ಅವಸರ ಮಾಡಿ ನವೆಂಬರ್ ಮೊದಲ ವಾರದಲ್ಲೇ ಕಟ್ಟಿದ್ದೆ. ಹದಿನೈದು ದಿನದಲ್ಲಿ ಒಂದು ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಕಟ್ಟ ಇಲ್ಲ, ಕೆಳಗಿನವರ ಗದ್ದೆಯಲ್ಲಿ ನನ್ನ ಮಣ್ಣು! 18 ಸಾವಿರ ನೀರಲ್ಲಿ ಹೋಮ. ಮನೆಯಲ್ಲಿ ಒಂದು ವಾರ ಯಾರೂ ನನ್ನ ಹತ್ತಿರ ಸರಿ ಮಾತಾಡಲಿಲ್ಲ.

ಮೂರನೇ ವರ್ಷ ಕಾಡುಕಲ್ಲು ಪೇರಿಸಿ, ನೀರು ಬರುವ ಬದಿಗೆ ದಪ್ಪ ಪ್ಲಾಸ್ಟಿಕ್ ಶೀಟು ಹೊದಿಸಿದೆ.  ಶೀಟಿನ ಬುಡಕ್ಕೆ ಜೇಡಿಮಣ್ಣೂ ಮೆತ್ತಿದೆ. ಆದರೂ ಸೋರುತ್ತಿತ್ತು. ಬುಡದಲ್ಲಿ ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಸೆಗಣಿ ಕದಡಿದ ನೀರನ್ನು ದಡದ ಉದ್ದಕ್ಕೂ ಚೂರುಚೂರೇ ಸುರಿಯುತ್ತಾ ಬಂದೆ. ಒಂದು ಕಡೆ ಆ ಬಣ್ಣ ದಡದೊಳಗೆ ಸುರ್ರನೆ ಹೋಯಿತು. ಏಡಿಯ ಮಾಟೆ (ಬಿಲ)! ಕೈ ಹಾಕಿದರೆ ಮೊಣಕೈ ತನಕ ಒಳಗೆ. ನೀರು ಕಟ್ಟವನ್ನು ಬಳಸಿಕೊಂಡು ದಡದೊಳಗಿಂದ ಹೋಗುತ್ತಿತ್ತು. ಎರಡೂ ದಡವನ್ನು ಗಟ್ಟಿ ಮುರಕಲ್ಲು (ಕೆಂಪುಕಲ್ಲು) ಸಿಗುವವರೆಗೆ ಅಗೆದು, ಶೀಟಿನ ಅಂಚನ್ನು ಅದರೊಳಗೆ ಹೂತೆ. ಮೆತ್ತುವ ಜೇಡಿಮಣ್ಣಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದರೆ ತೋರಿಸುತ್ತೇನೆ.

ಶೀಟಿಗೆ ಮೂರೂವರೆ ಸಾವಿರ, ಆಳಿಗೆ ಆರೇಳು ಸಾವಿರ ಆಗಿರಬಹುದು. ಕಲ್ಲು ತೋಡಿನದ್ದೇ.

ತೋಡಿನಲ್ಲಿ ಹರಿವು ಜೋರಿರುವಾಗಲೇ, ಡಿಸೆಂಬರ್ ಮೊದಲ ವಾರದೊಳಗೆ ಕಟ್ಟಬೇಕು. ಸಪೂರ ಆದ ಮೇಲೆ ಕಟ್ಟಿದರೆ ಫೋಟೋ ತೆಗೆಯಲಿಕ್ಕೆ ಮಾತ್ರ. ನಿಂತ ನೀರಿಗೆ ಪಂಪು ಇಡುವುದೂ ದಂಡ. ಆ ನೀರು ದಡಕ್ಕೆ ಇಳಿದು ಬಾವಿಗೆ ಸೇರಲಿ. ಹೆಚ್ಚಿನದು ಮೇಲಿಂದ ಹರಿದು ಕೆಳಗಿನವರಿಗೆ ಹೋಗಲಿ. ಬಾವಿಯ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ಅಳೆಯುತ್ತೇನೆ. ಮೊದಲು ಏಪ್ರಿಲ್‌ನಲ್ಲಿ ಎರಡು ಗಂಟು ಒದ್ದೆಯಾಗುತ್ತಿತ್ತು, ಈಗ ಒಂಬತ್ತು. ಪಂಪು ಎರಡು ಗಂಟೆ ಓಡುತ್ತದೆ.

ಅದರ ಜೊತೆಗೆ ತೋಟದ ಹುಲ್ಲು ಕೆರೆಸುವುದನ್ನೂ ನಿಲ್ಲಿಸಿದೆ. ಮರದ ಬುಡಕ್ಕೆ ಸೊಪ್ಪು, ದರಗು (ಒಣಗಿದ ಎಲೆ), ಅಡಿಕೆ ಹಾಳೆ. ಹಾಳೆಯನ್ನು ಕವುಚಿ ಹಾಕಿ, ಇಲ್ಲದಿದ್ದರೆ ಮಳೆನೀರು ನಿಂತು ಸೊಳ್ಳೆ. ನನಗೆ ಇದು ತಿಳಿದದ್ದು ಮನೆಯಲ್ಲಿ ಇಬ್ಬರಿಗೆ ಜ್ವರ ಬಂದ ಮೇಲೆ. ನಾಲ್ಕು ದಿನಕ್ಕೊಮ್ಮೆ ಬಿಡುತ್ತಿದ್ದ ಜೆಟ್ಟು (ಸ್ಪ್ರಿಂಕ್ಲರ್) ಈಗ ವಾರಕ್ಕೊಮ್ಮೆ ಸಾಕಾಗುತ್ತದೆ. ಇದರಲ್ಲಿ ಕಟ್ಟದ ಪಾಲೆಷ್ಟು, ದರಗಿನ ಪಾಲೆಷ್ಟು, ನಾನು ಲೆಕ್ಕ ಇಟ್ಟಿಲ್ಲ.

ಮೇ ಕೊನೆಗೆ ಶೀಟು ಬಿಚ್ಚಿ, ತೊಳೆದು, ಮಡಚಿಡಬೇಕು. ಒಮ್ಮೆ ಅಟ್ಟದಲ್ಲಿಟ್ಟೆ, ಇಲಿ ತೂತು ಮಾಡಿತು. ಈಗ ತಗಡಿನ ಡ್ರಮ್ಮಿನಲ್ಲಿ ಇಡುತ್ತೇನೆ. ಹೋದ ನವೆಂಬರಿನಲ್ಲಿ ಕೆಳಗಿನ ಗದ್ದೆಯವರು ಬಂದು, ಎರಡನೇ ವರ್ಷ ಎಲ್ಲರಿಗಿಂತ ಜಾಸ್ತಿ ನಕ್ಕಿದ್ದವರು, "ಆ ಹಳೇ ಶೀಟು ಬೇಕಿತ್ತು" ಅಂದರು. ಕೊಟ್ಟೆ. ತೂತು ಇರುವ ಜಾಗ ಮಾತ್ರ ಹೇಳಲಿಲ್ಲ.